ಬರೆಯುವ ಪುಟ ಬೇರೆ, ಓಡಿಸುವ ಪುಟ ಬೇರೆ: ಕರ್ನಲ್ ಕೆಲಸಕ್ಕೆ ಹೊರಟವಳಿಗೆ ಕಿವಿಮಾತು

ನನ್ನ ತಂಗಿಯ ಮಗಳು ಈಗಷ್ಟೇ ಕೆಲಸಕ್ಕೆ ಸೇರಿದ್ದಾಳೆ. ಲಿನಕ್ಸ್ ಕರ್ನಲ್‌ಗೆ ಡ್ರೈವರ್ ಬರೆಯುವ ಕೆಲಸ. ಮೊನ್ನೆ ಭಾನುವಾರ ಊಟಕ್ಕೆ ಬಂದವಳು ಎಲೆಯ ಮುಂದೆ ಕೂತೇ ಕೇಳಿದಳು: “ಮಾವ, ಕರ್ನಲ್ ಅಂದ್ರೆ ಇಡೀ ಯಂತ್ರಕ್ಕೇ ಯಜಮಾನ. ಅದು ತನ್ನ ಕೋಡ್ ಇರೋ ಪುಟಗಳಿಗೆ ತಾನೇ ಬೀಗ ಹಾಕ್ಕೊಳ್ಳೋದು ಯಾಕೆ? ಬೀಗದ ಕೈ ಹೇಗಿದ್ದರೂ ಅದರ ಸೊಂಟದಲ್ಲೇ ಇರುತ್ತಲ್ಲ?”

ಸಾರು ಮುಗಿದು ಮಜ್ಜಿಗೆ ಬರುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ಅದಲ್ಲ. ಹಾಗಾಗಿ ರಾತ್ರಿ ಕೂತು ಈ ಪಟ್ಟಿ ಬರೆದೆ. ಇದೇ ದಾರಿಗೆ ಬಂದಿರುವ ಬೇರೆ ಮಕ್ಕಳಿಗೂ ಆದೀತು ಎಂದು ಇಲ್ಲಿ ಕೊಟ್ಟಿದ್ದೇನೆ. ನಾನು ಬೈಸಿಕೊಂಡು ಕಲಿತದ್ದನ್ನು ಇವರು ಓದಿ ಕಲಿಯಲಿ.

• ಮೊದಲ ಪಾಠ ಒಂದೇ ಸಾಲು: ಬರೆಯಲು ಬಿಟ್ಟ ಪುಟವನ್ನು ಓಡಿಸಲು ಬಿಡಬೇಡ, ಓಡಿಸಲು ಬಿಟ್ಟ ಪುಟಕ್ಕೆ ಬರೆಯಲು ಬಿಡಬೇಡ. ಎರಡೂ ಹಕ್ಕು ಕೂಡಿರುವ ಪುಟ ಕಂಡರೆ ಅದು ದೋಷ ಎಂದೇ ತಿಳಿ. ದಾಳಿ ಮಾಡುವವನಿಗೆ ಎಲ್ಲೋ ಒಂದು ಬಫರ್ ತುಂಬಿ ಚೆಲ್ಲುವ ತಪ್ಪು ಸಿಕ್ಕಿತು ಎಂದುಕೋ. ಅವನು ಸುರಿದ ಬೈಟ್‌ಗಳು ಓಡದ ಪುಟದಲ್ಲಿ ಬಿದ್ದರೆ ಡೇಟಾ ಕೆಡುತ್ತದೆ, ಅಷ್ಟೇ. ಓಡುವ ಪುಟದಲ್ಲಿ ಬಿದ್ದರೆ ಅವೇ ಬೈಟ್‌ಗಳು ಕರ್ನಲ್‌ನ ಅಧಿಕಾರ ಹೊತ್ತ ಆಜ್ಞೆಗಳಾಗುತ್ತವೆ. ಈ ವಿಚಾರ ಹೊಸದಲ್ಲ. ಪ್ಯಾಕ್ಸ್ ಎಂಬ ಹೆಸರಿನ ತಂಡ 2000ದಲ್ಲೇ ಲಿನಕ್ಸ್‌ಗೆ ಈ ದಿಕ್ಕಿನ ಪ್ಯಾಚ್ ಬರೆದಿತ್ತು. ಓಪನ್‌ಬಿಎಸ್‌ಡಿ 2003ರ 3.3ನೇ ಆವೃತ್ತಿಯಲ್ಲಿ ಬಳಕೆದಾರರ ಪ್ರೋಗ್ರಾಂಗಳಿಗೆ ಈ ನಿಯಮ ತಂದಿತು. ತನ್ನ 64 ಬಿಟ್ ಕರ್ನಲ್‌ಗೇ ಅದನ್ನು ಹಾಕಿಕೊಂಡದ್ದು 2015ರ 5.7ರಲ್ಲಿ. ಪರರಿಗೆ ಹೇಳಿದ ಬುದ್ಧಿಯನ್ನು ತಾನು ಪಾಲಿಸಲು ಹನ್ನೆರಡು ವರ್ಷ ಬೇಕಾಯಿತು. ಕರ್ನಲ್ ಒಳಗೆ ಈ ಕೆಲಸ ಎಷ್ಟು ಕಷ್ಟ ಎಂಬುದಕ್ಕೆ ಅದೇ ಸಾಕ್ಷಿ.

• ನಿಯಮ ಕೂತಿರುವ ಜಾಗವನ್ನು ಕಣ್ಣಾರೆ ನೋಡು. ಪೇಜ್ ಟೇಬಲ್ ಎಂದರೆ ಖಾತೆ ಪುಸ್ತಕ. ಯಾವ ವಿಳಾಸ ಯಾವ ಭೌತಿಕ ಪುಟಕ್ಕೆ ಸೇರಿದ್ದು, ಅಲ್ಲಿ ಯಾರಿಗೆ ಏನು ಹಕ್ಕು ಎಂಬುದೆಲ್ಲ ಅದರಲ್ಲಿದೆ. ಎಕ್ಸ್86ರ 64 ಬಿಟ್ ಯಂತ್ರದಲ್ಲಿ 4 ಕೆಬಿಯ ಒಂದು ಪುಟಕ್ಕೆ 64 ಬಿಟ್‌ನ ಒಂದು ನಮೂದು. ಅದರಲ್ಲಿ ಬಿಟ್ 1 ಬರೆಯುವ ಹಕ್ಕು, ಬಿಟ್ 2 ಬಳಕೆದಾರನ ಹಕ್ಕು, ತುತ್ತತುದಿಯ ಬಿಟ್ 63 ‘ಓಡಿಸಕೂಡದು’ ಎಂಬ ತಡೆ. ಈ ಕೊನೆಯ ಬಿಟ್ ಎಎಂಡಿ ಕಂಪನಿಯ 64 ಬಿಟ್ ಪ್ರೊಸೆಸರ್‌ಗಳ ಜೊತೆ 2003ರಲ್ಲಿ ಬಂತು. ಅದಕ್ಕೂ ಮುಂಚಿನ 32 ಬಿಟ್ ಪೇಜ್ ಟೇಬಲ್‌ನಲ್ಲಿ ಓದಬಹುದಾದದ್ದನ್ನೆಲ್ಲ ಓಡಿಸಲೂಬಹುದಿತ್ತು. ಆರ್ಮ್64ರಲ್ಲಿ ತಡೆ ಎರಡು: ಕರ್ನಲ್ ಓಡಿಸದಂತೆ ಪಿಎಕ್ಸ್‌ಎನ್, ಬಳಕೆದಾರ ಓಡಿಸದಂತೆ ಯುಎಕ್ಸ್‌ಎನ್. ಮುಂದೆ ನಾನು ಹೇಳುವುದೆಲ್ಲ ಈ ನಾಲ್ಕಾರು ಬಿಟ್‌ಗಳ ಸುತ್ತಲೇ ಸುತ್ತುತ್ತದೆ.

• ಬೀಗ ಬರೀ ಕಳ್ಳನಿಗಲ್ಲ ಕಣಮ್ಮ, ನಮ್ಮ ಕೈತಪ್ಪಿಗೂ ಹೌದು. ನಿನ್ನ ಪ್ರಶ್ನೆಗೆ ಉತ್ತರ 2008ರಲ್ಲಿದೆ. ಆ ವರ್ಷ 2.6.27 ಕರ್ನಲ್‌ನ ಪರೀಕ್ಷಾ ಆವೃತ್ತಿ ಓಡಿಸಿದ ಕೆಲವರ ಯಂತ್ರಗಳಲ್ಲಿ, ಇ1000ಇ ಡ್ರೈವರ್ ನೋಡಿಕೊಳ್ಳುವ ಇಂಟೆಲ್ ನೆಟ್‌ವರ್ಕ್ ಕಾರ್ಡ್‌ಗಳು ಸತ್ತವು. ರೀಬೂಟ್ ಮಾಡಿದರೂ ಏಳಲಿಲ್ಲ. ಕಾರ್ಡ್‌ನ ಶಾಶ್ವತ ಮೆಮೊರಿಯೇ ಕೆಟ್ಟಿತ್ತು. ಅನುಮಾನ ಮೊದಲು ಹೋದದ್ದು ಡ್ರೈವರ್ ಮೇಲೆ. ತಪ್ಪು ಇದ್ದದ್ದು ಫಂಕ್ಷನ್ ಕರೆಗಳ ಜಾಡು ಹಿಡಿಯುವ ಸಲಕರಣೆಯಾದ ಎಫ್‌ಟ್ರೇಸ್‌ನಲ್ಲಿ. ಅದು ಫಂಕ್ಷನ್‌ಗಳ ತಲೆಯಲ್ಲಿರುವ ಒಂದು ಕರೆಯ ವಿಳಾಸವನ್ನು ಬರೆದಿಟ್ಟುಕೊಂಡು, ಆಮೇಲೆ ಆ ಕರೆಯನ್ನು ‘ಏನೂ ಮಾಡಬೇಡ’ ಎಂಬ ನಾಪ್ ಆಜ್ಞೆಯಾಗಿ ತಿದ್ದುತ್ತಿತ್ತು. ಮಾಡ್ಯೂಲ್‌ನ ಇನಿಟ್ ಭಾಗ ತನ್ನ ಕೆಲಸ ಮುಗಿದೊಡನೆ ಮೆಮೊರಿ ಬಿಟ್ಟುಕೊಟ್ಟು ಹೋಗುತ್ತದೆ. ಅದು ಹೋಯಿತು, ವಿಳಾಸ ಮಾತ್ರ ಎಫ್‌ಟ್ರೇಸ್ ಪಟ್ಟಿಯಲ್ಲಿ ಉಳಿಯಿತು. ಖಾಲಿಯಾದ ಅದೇ ವಿಳಾಸವನ್ನು ಕರ್ನಲ್ ಆ ಕಾರ್ಡ್‌ನ ಶಾಶ್ವತ ಮೆಮೊರಿಗೆ ಹಂಚಿತು. ಎಫ್‌ಟ್ರೇಸ್ ಅಲ್ಲಿಗೆ ಬಂದು ಕಂಪೇರ್-ಎಕ್ಸ್‌ಚೇಂಜ್ ಆಜ್ಞೆ ನಡೆಸಿತು. ಹಳೆಯ ಕೋಡ್ ಅಲ್ಲೇ ಇದ್ದರೆ ಮಾತ್ರ ಬರೆಯುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ ಎಂಬ ನಂಬಿಕೆ ಅದರ ಹಿಂದೆ. ಆದರೆ ಎಕ್ಸ್86ರಲ್ಲಿ ಹೋಲಿಕೆ ತಪ್ಪಿದರೂ ಆ ಆಜ್ಞೆ ಇದ್ದದ್ದನ್ನೇ ಇನ್ನೊಮ್ಮೆ ಬರೆಯುತ್ತದೆ. ಸಾದಾ ಮೆಮೊರಿಗೆ ಅದರಿಂದ ಏನೂ ಆಗದು. ಸಾಧನದ ಮೆಮೊರಿಗೆ ಹಾಗೆ ಬರೆದರೆ ಆಗಬಾರದ್ದೇ ಆಗುತ್ತದೆ. 2.6.27.1ರಲ್ಲಿ ಎಫ್‌ಟ್ರೇಸ್‌ನ ಆ ಭಾಗವನ್ನೇ ಮುಚ್ಚಿದರು. ಈ ಕಥೆಯಲ್ಲಿ ಒಬ್ಬನೇ ಒಬ್ಬ ಕಳ್ಳ ಇಲ್ಲ. ಕರ್ನಲ್‌ನ ಒಂದು ಕೈ ಇನ್ನೊಂದು ಕೈಯನ್ನು ಸುಟ್ಟಿತು, ಅಷ್ಟೇ.

• ಅದರಿಂದ ನಾನು ಕಲಿತದ್ದು: ಕೋಡ್‌ನ ವಿಳಾಸ ಬರೆದಿಟ್ಟುಕೊಳ್ಳುವವಳು ಆ ಕೋಡ್ ಸತ್ತ ದಿನ ಪಟ್ಟಿಯಿಂದಲೂ ಅಳಿಸಬೇಕು. ಟೈಮರ್, ವರ್ಕ್ ಕ್ಯೂ, ನೋಟಿಫೈಯರ್, ಎಲ್ಲಕ್ಕೂ ಇದೇ ಮಾತು. ಮಾಡ್ಯೂಲ್ ಇಳಿಸುವ ಫಂಕ್ಷನ್ ಬರೆಯುವಾಗ, ಏರಿಸುವ ಫಂಕ್ಷನ್‌ನಲ್ಲಿ ಎಲ್ಲೆಲ್ಲಿ ಹೆಸರು ನೋಂದಾಯಿಸಿದೆ ಎಂದು ಕೆಳಗಿನಿಂದ ಮೇಲಕ್ಕೆ ಓದಿಕೊಂಡು ಒಂದೊಂದನ್ನೇ ರದ್ದು ಮಾಡು.

• ಬೂಟ್ ಆಗುವಾಗ ಕೊನೆಗೆ ಏನಾಗುತ್ತದೆ ಎಂದು ಗಮನಿಸು. ಕರ್ನಲ್ ಏಳುವ ಹೊತ್ತಿಗೆ ತನ್ನ ಕೋಡನ್ನು ತಾನೇ ಸಾಕಷ್ಟು ತಿದ್ದಿಕೊಳ್ಳುತ್ತದೆ. ಇರುವ ಪ್ರೊಸೆಸರ್‌ಗೆ ತಕ್ಕ ಆಜ್ಞೆಗಳನ್ನು ಆರಿಸಿ ಕೂರಿಸುತ್ತದೆ. ಇನಿಟ್ ಪ್ರಕ್ರಿಯೆ ಶುರುವಾಗುವ ಮುನ್ನ ಮಾರ್ಕ್_ರೋಡೇಟಾ_ಆರ್‌ಒ ಎಂಬ ಫಂಕ್ಷನ್ ಬಂದು ಬಾಗಿಲು ಎಳೆದುಕೊಳ್ಳುತ್ತದೆ. ಮನೆ ಕಟ್ಟುವಾಗ ಗಾರೆಯವರು ಓಡಾಡುತ್ತಾರೆ. ಗೃಹಪ್ರವೇಶ ಆದಮೇಲೆ ಅವರು ಒಳಗೆ ಇರಬಾರದು. ಈ ವ್ಯವಸ್ಥೆ ಲಿನಕ್ಸ್‌ನಲ್ಲಿ ಡೀಬಗ್ ರೋಡೇಟಾ ಎಂಬ ಹೆಸರಿನಲ್ಲಿ ಬೇಕಾದವರು ಹಾಕಿಕೊಳ್ಳುವ ಆಯ್ಕೆಯಾಗಿ ಬಂತು. ಬೀಗಕ್ಕೆ ‘ಡೀಬಗ್’ ಎಂದು ಹೆಸರಿಟ್ಟರೆ ಯಾರು ಹಾಕುತ್ತಾರೆ? 2016ರ 4.6ರಲ್ಲಿ ಎಕ್ಸ್86ಗೆ ಕಡ್ಡಾಯ ಮಾಡಿದರು. 2017ರ 4.11ರಲ್ಲಿ ಹೆಸರನ್ನೂ ಬದಲಿಸಿ ಸ್ಟ್ರಿಕ್ಟ್ ಕರ್ನಲ್ ಆರ್‌ಡಬ್ಲ್ಯುಎಕ್ಸ್ ಎಂದಿಟ್ಟರು.

• ಬೂಟ್ ಸಾಲಿನಲ್ಲಿ ‘ರೋಡೇಟಾ=ಆಫ್’ ಎಂದು ಬರೆದರೆ ಡ್ರೈವರ್ ಓಡುತ್ತದೆ ಎಂದು ಯಾರಾದರೂ ಹೇಳಿದರೆ, ಓಡುತ್ತಿರುವುದು ಡ್ರೈವರ್ ಅಲ್ಲ, ಅದರ ತಪ್ಪು. ನಿನ್ನ ಮೇಜಿನ ಯಂತ್ರದಲ್ಲಿ ಒಂದು ಗಂಟೆ ಪರೀಕ್ಷೆಗೆ ಹಾಕಿದರೂ ಸಂಜೆಯೊಳಗೆ ತೆಗೆ. ಗ್ರಾಹಕರ ಯಂತ್ರಕ್ಕೆ ಆ ಸಾಲು ಯಾವತ್ತೂ ಹೋಗಕೂಡದು.

• ಒಮ್ಮೆ ಬರೆದು ಮತ್ತೆ ಮುಟ್ಟದ ಡೇಟಾ ಇದ್ದರೆ ಅದಕ್ಕೆ ‘ಆರ್‌ಒ ಆಫ್ಟರ್ ಇನಿಟ್’ ಗುರುತು ಹಾಕು. ಇದೂ 4.6ರಲ್ಲೇ ಬಂದದ್ದು. ಫಂಕ್ಷನ್ ವಿಳಾಸಗಳ ಕೋಷ್ಟಕವಾದರೆ ‘ಕಾನ್ಸ್ಟ್’ ಎಂದು ಬರೆ. ಒಂದೇ ಒಂದು ಪದ, ಖರ್ಚಿಲ್ಲ. ಕೋಡ್‌ಗೆ ಬೀಗ ಹಾಕಿ, ಕೋಡ್‌ನ ದಾರಿ ತೋರಿಸುವ ಕೈಮರವನ್ನು ತೆರೆದಿಟ್ಟರೆ ಕಳ್ಳ ಕೈಮರವನ್ನೇ ತಿರುಗಿಸುತ್ತಾನೆ.

• ಹಕ್ಕು ಬದಲಿಸುವಾಗ ಕ್ರಮ ತಪ್ಪಬೇಡ. ಹೊಸ ಕೋಡ್‌ಗೆ ಮೆಮೊರಿ ಪಡೆದಾಗ ಅದು ಬರೆಯಬಹುದಾದದ್ದು, ಓಡದ್ದು ಆಗಿರಲಿ. ಬೈಟ್‌ಗಳನ್ನು ತುಂಬು. ಆಮೇಲೆ ಬರೆಯುವ ಹಕ್ಕು ಕಿತ್ತುಕೋ. ಕಟ್ಟಕಡೆಗೆ ಓಡುವ ಹಕ್ಕು ಕೊಡು. ಮೊದಲು ಓಡಿಸುವ ಹಕ್ಕು ಕೊಟ್ಟು ಆಮೇಲೆ ಬರೆಯುವುದನ್ನು ತಡೆದರೆ ನಡುವೆ ಒಂದು ಕಿಂಡಿ ತೆರೆದಿರುತ್ತದೆ. ಕೆಲವೇ ಮೈಕ್ರೋಸೆಕೆಂಡ್ ಎಂದು ತಾತ್ಸಾರ ಬೇಡ, ಬೇರೆ ಕೋರ್‌ಗೆ ಅಷ್ಟು ಹೊತ್ತು ಧಾರಾಳ. ಈ ಎರಡೂ ಹೆಜ್ಜೆಯನ್ನು ಸರಿಯಾದ ಕ್ರಮದಲ್ಲಿ ಒಟ್ಟಿಗೆ ಮಾಡಲೆಂದೇ ಸೆಟ್_ಮೆಮೊರಿ_ಆರ್‌ಒಎಕ್ಸ್ ಇದೆ. ಬರೆಯಲೂ ಓಡಿಸಲೂ ಬರುವ ಮೆಮೊರಿಯನ್ನು ಒಂದೇ ಕರೆಯಲ್ಲಿ ಕೊಡುತ್ತಿದ್ದ ವಿಮ್ಯಾಲಕ್_ಎಕ್ಸೆಕ್ ಎಂಬ ಹಳೆಯ ಫಂಕ್ಷನನ್ನು 2020ರ 5.8ರಲ್ಲಿ ಕಿತ್ತೇ ಹಾಕಿದರು. ಹಳೆಯ ಡ್ರೈವರ್ ಓದುವಾಗ ಆ ಹೆಸರು ಕಂಡರೆ ಅಲ್ಲಿಂದಲೇ ರಿಪೇರಿ ಶುರುಮಾಡು.

• ಒಂದೇ ಸೈಟಿಗೆ ಎರಡು ಖಾತೆ ಇರುತ್ತದೆ ಎಂಬುದನ್ನು ಮರೆಯಬೇಡ. ಬೆಂಗಳೂರಲ್ಲಿ ಬೆಳೆದವಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರ್ನಲ್ ಎಲ್ಲ ಭೌತಿಕ ಮೆಮೊರಿಯನ್ನೂ ಡೈರೆಕ್ಟ್ ಮ್ಯಾಪ್ ಎಂಬ ಒಂದು ನೇರ ನಕ್ಷೆಯಲ್ಲಿ ಇಟ್ಟುಕೊಂಡಿರುತ್ತದೆ. ನಿನ್ನ ಮಾಡ್ಯೂಲ್‌ನ ಕೋಡ್ ಒಂದು ವಿಳಾಸದಲ್ಲಿ ‘ಬರೆಯಕೂಡದು’ ಎಂದಿದ್ದರೂ, ಅದೇ ಭೌತಿಕ ಪುಟ ನೇರ ನಕ್ಷೆಯ ಇನ್ನೊಂದು ವಿಳಾಸದಲ್ಲಿ ಬರೆಯಲು ತೆರೆದಿರಬಹುದು. ಮುಂಬಾಗಿಲಿಗೆ ಬೀಗ, ಹಿತ್ತಲ ಬಾಗಿಲು ಹಾರುಹೊಡೆದಿದೆ. ಎಕ್ಸ್86ರಲ್ಲಿ ಸೆಟ್_ಮೆಮೊರಿ_ಆರ್‌ಒ ಕರೆದರೆ ಅದು ಎರಡನೇ ಖಾತೆಯನ್ನೂ ತಿದ್ದುತ್ತದೆ. ಅದಕ್ಕೇ ಪೇಜ್ ಟೇಬಲ್ ಬಿಟ್‌ಗಳನ್ನು ನಿನ್ನ ಕೈಯಾರೆ ತಿರುಚಬೇಡ, ಇರುವ ಫಂಕ್ಷನನ್ನೇ ಕರೆ. ಕೊಲಂಬಿಯಾ ವಿಶ್ವವಿದ್ಯಾಲಯದ ವಸಿಲಿಯೋಸ್ ಕೆಮರ್ಲಿಸ್ ಮತ್ತು ಸಂಗಡಿಗರು 2014ರಲ್ಲಿ ಈ ನೇರ ನಕ್ಷೆಯನ್ನೇ ಹಿಡಿದು ಒಳಗೆ ನುಗ್ಗುವ ದಾಳಿ ತೋರಿಸಿದರು. ಬಳಕೆದಾರನ ಪುಟವನ್ನು ಕರ್ನಲ್ ಮುಟ್ಟದಂತೆ ಕಾವಲಿಟ್ಟರೂ, ಅದೇ ಪುಟಕ್ಕೆ ಕರ್ನಲ್ ಕಡೆಯ ಹೆಸರೊಂದಿದೆ. ಅವರು ಆ ಹೆಸರಿನಿಂದ ಕರೆದರು.

• ಖಾತೆ ಬದಲಾದರೂ ಹಳೇ ಝೆರಾಕ್ಸ್ ಪ್ರತಿ ಓಡಾಡುತ್ತಿರುತ್ತದೆ. ಪ್ರತಿ ಕೋರ್ ಪೇಜ್ ಟೇಬಲ್ ನಮೂದನ್ನು ತನ್ನ ಟಿಎಲ್‌ಬಿಯಲ್ಲಿ ನಕಲು ಇಟ್ಟುಕೊಳ್ಳುತ್ತದೆ. ಪುಸ್ತಕದಲ್ಲಿ ನೀನು ‘ಬರೆಯಕೂಡದು’ ಎಂದು ತಿದ್ದಿದರೂ, ಏಳನೇ ಕೋರ್ ಕೈಯಲ್ಲಿ ‘ಬರೆಯಬಹುದು’ ಎಂಬ ಹಳೇ ಪ್ರತಿ ಇದ್ದರೆ ಅದು ಬರೆಯುತ್ತಲೇ ಇರುತ್ತದೆ. ಎಲ್ಲ ಕೋರ್‌ಗಳಿಗೂ ಹೇಳಿಕಳಿಸಿ ಆ ನಕಲನ್ನು ಹರಿಸಿ ಹಾಕಿಸುವವರೆಗೆ ಬೀಗ ಬಿದ್ದಿಲ್ಲ ಎಂದೇ ಲೆಕ್ಕ.

• ಮನೆ ಖಾಲಿ ಮಾಡುವಾಗಲೂ ಕ್ರಮವಿದೆ. ಓಡುವ ಹಕ್ಕು ಇರುವ ಪುಟವನ್ನು ಹಾಗೇ ಬಿಟ್ಟುಕೊಟ್ಟರೆ, ನಾಳೆ ಆ ಪುಟ ಇನ್ಯಾರದೋ ಬಫರ್ ಆಗುತ್ತದೆ. ಎಲ್ಲೋ ಒಂದು ಟಿಎಲ್‌ಬಿಯಲ್ಲಿ ಓಡುವ ಹಕ್ಕು ಇನ್ನೂ ಉಸಿರಾಡುತ್ತಿರುತ್ತದೆ. ಹಕ್ಕುಗಳನ್ನು ಮೊದಲಿನಂತೆ ಮಾಡಿ, ನಕಲು ಹರಿಸಿ, ಆಮೇಲೆ ಪುಟ ಬಿಡಬೇಕು. 2019ರ 5.2ರಿಂದ ‘ವಿಎಂ ಫ್ಲಷ್ ರೀಸೆಟ್ ಪರ್ಮ್ಸ್’ ಎಂಬ ಗುರುತು ಇಟ್ಟರೆ ವಿಫ್ರೀ ಇದನ್ನು ತಾನೇ ನೋಡಿಕೊಳ್ಳುತ್ತದೆ. ಬಾಡಿಗೆ ಮನೆ ಬಿಡುವವರು ಬೀಗದ ಕೈ ವಾಪಸು ಕೊಟ್ಟು ಹೋಗುವುದಿಲ್ಲವೇ, ಹಾಗೆ.

• ಕೋಡ್ ತಿದ್ದಲೇಬೇಕಾದರೆ ಸಿಆರ್0 ಮುಟ್ಟಬೇಡ. ಸಿಆರ್0 ರಿಜಿಸ್ಟರ್‌ನ 16ನೇ ಬಿಟ್ ರೈಟ್ ಪ್ರೊಟೆಕ್ಟ್. ಅದನ್ನು ಸೊನ್ನೆ ಮಾಡಿದರೆ ‘ಬರೆಯಕೂಡದು’ ಎಂಬ ಪುಟಕ್ಕೂ ಕರ್ನಲ್ ಬರೆಯಬಹುದು. ಎರಡು ಸಾಲಿನ ಕೆಲಸ, ಎಲ್ಲ ರೂಟ್‌ಕಿಟ್ ಬರೆಯುವವರಿಗೂ ಬಾಯಿಪಾಠ. ನಾನೂ ಒಂದು ಕಾಲದಲ್ಲಿ ಅವಸರದ ಡೆಲಿವರಿಗೆಂದು ಇದನ್ನೇ ಮಾಡಿದ್ದೆ. ಬಿಟ್ ತೆಗೆದೆ, ಬರೆದೆ, ಬಿಟ್ ಹಾಕಿದೆ. ಮೇಜಿನ ಮೇಲೆ ಚೆನ್ನಾಗಿ ಓಡಿತು. ಗ್ರಾಹಕರ ಯಂತ್ರದಲ್ಲಿ ವಾರಕ್ಕೊಮ್ಮೆ ಬಿತ್ತು. ಮೂರು ವಾರ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾದದ್ದು ಇಷ್ಟು: ಬಿಟ್ ತೆಗೆದ ಮೇಲೆ, ಬರೆಯುವ ಮುನ್ನ, ಶೆಡ್ಯೂಲರ್ ನನ್ನ ಕೋಡನ್ನು ಎಬ್ಬಿಸಿ ಬೇರೆ ಕೋರ್‌ನಲ್ಲಿ ಕೂರಿಸುತ್ತಿತ್ತು. ಸಿಆರ್0 ಕೋರ್‌ಗೆ ಸೇರಿದ್ದು, ನನ್ನ ಜೊತೆ ಬರುವುದಿಲ್ಲ. ಹೊಸ ಕೋರ್‌ನಲ್ಲಿ ಬೀಗ ಹಾಕಿಯೇ ಇತ್ತು, ಬರೆಯ ಹೋಗಿ ಬಿದ್ದೆ. ಅದಕ್ಕಿಂತ ಕೆಟ್ಟದ್ದು, ಹಳೆಯ ಕೋರ್‌ನಲ್ಲಿ ಬೀಗ ತೆರೆದೇ ಉಳಿದಿತ್ತು. ಒಂದು ಪುಟಕ್ಕಾಗಿ ಇಡೀ ಕೋರ್‌ನ ಎಲ್ಲ ಪುಟಗಳ ಬೀಗ ತೆಗೆದಿದ್ದೆ. 2019ರ 5.3ರಿಂದ ಕರ್ನಲ್‌ನ ಸಿಆರ್0 ಬರೆಯುವ ಫಂಕ್ಷನ್ ಆ ಬಿಟ್ ಹೋಗಿದ್ದರೆ ತಾನೇ ಮತ್ತೆ ಹಾಕಿ, ಎಚ್ಚರಿಕೆಯನ್ನೂ ದಾಖಲಿಸುತ್ತದೆ. ನನ್ನಂಥವರನ್ನು ನೋಡಿಯೇ ಮಾಡಿರಬೇಕು.

• ತಿದ್ದಲು ಇರುವ ಬಾಗಿಲು ಒಂದೇ, ಅದರ ಹೆಸರು ಟೆಕ್ಸ್ಟ್_ಪೋಕ್. ಟೆಕ್ಸ್ಟ್_ಮ್ಯೂಟೆಕ್ಸ್ ಹಿಡಿದವರು ಮಾತ್ರ ಅದರೊಳಗೆ ಹೋಗಬೇಕು. 5.2ರಿಂದ ಎಕ್ಸ್86ರಲ್ಲಿ ಅದು ಬರೆಯುವ ರೀತಿ ಸೊಗಸಾಗಿದೆ: ಕೋಡ್‌ನ ಮೂಲ ವಿಳಾಸದ ಬೀಗವನ್ನು ಮುಟ್ಟುವುದೇ ಇಲ್ಲ. ಬೇರೊಂದು ತಾತ್ಕಾಲಿಕ ಪೇಜ್ ಟೇಬಲ್‌ನಲ್ಲಿ, ಊಹಿಸಲಾಗದ ಒಂದು ವಿಳಾಸದಲ್ಲಿ, ಆ ಪುಟಕ್ಕೆ ಬರೆಯುವ ಹಕ್ಕು ಕೊಡುತ್ತದೆ. ಈ ನಕ್ಷೆಯನ್ನು ಬಳಸುವುದು ತಿದ್ದುತ್ತಿರುವ ಕೋರ್ ಒಂದೇ; ಮಿಕ್ಕ ಕೋರ್‌ಗಳಿಗೆ ಅದು ಇರುವುದೇ ಗೊತ್ತಿಲ್ಲ. ಬರೆದಾದೊಡನೆ ನಕ್ಷೆ ಮಾಯ.

• ಓಡುತ್ತಿರುವ ಕೋಡ್ ತಿದ್ದುವುದನ್ನು ರಸ್ತೆ ಅಗೆಯುವವರಿಂದ ಕಲಿ: ಮೊದಲು ಫಲಕ ನೆಡು, ಆಮೇಲೆ ಗುದ್ದಲಿ ಹಾಕು. ಎಫ್‌ಟ್ರೇಸ್ ಫಂಕ್ಷನ್ ತಲೆಯ ಐದು ಬೈಟ್‌ನ ನಾಪ್ ಅನ್ನು ಐದು ಬೈಟ್‌ನ ಕರೆಯಾಗಿ ಮಾಡಬೇಕು ಎಂದುಕೋ. ಐದನ್ನೂ ಒಂದೇ ಏಟಿಗೆ ಬರೆಯುವ ಭರವಸೆ ಇಲ್ಲ. ಇನ್ನೊಂದು ಕೋರ್ ಅದೇ ಗಳಿಗೆಯಲ್ಲಿ ಅಲ್ಲಿಗೆ ಬಂದರೆ ಅರ್ಧ ಹಳೆಯದು ಅರ್ಧ ಹೊಸದು ಓದಿ ಎಲ್ಲಿಗೋ ಹಾರುತ್ತದೆ. ಅದಕ್ಕೆ ಮೊದಲ ಬೈಟ್ ಮೇಲೆ ಮಾತ್ರ ‘ಸಿಸಿ’ ಎಂಬ ಒಂದು ಬೈಟ್‌ನ ಇಂಟ್3 ಆಜ್ಞೆ ಇಡುತ್ತಾರೆ. ಎಲ್ಲ ಕೋರ್‌ಗಳಿಗೂ ಸುದ್ದಿ ಮುಟ್ಟಿಸುತ್ತಾರೆ. ಈಗ ಅಲ್ಲಿಗೆ ಬಂದ ಕೋರ್ ಇಂಟ್3ಗೆ ಎಡವಿ ಹ್ಯಾಂಡ್ಲರ್‌ಗೆ ಹೋಗುತ್ತದೆ. ಆ ಹ್ಯಾಂಡ್ಲರ್ ಮಾಡಬೇಕಾದ ಕೆಲಸವನ್ನು ತಾನೇ ಅನುಕರಿಸಿ ಪಕ್ಕದ ದಾರಿಯಲ್ಲಿ ಕಳಿಸಿಕೊಡುತ್ತದೆ. ಆ ಹೊತ್ತಿಗೆ ಉಳಿದ ನಾಲ್ಕು ಬೈಟ್ ಬರೆಯುತ್ತಾರೆ, ಮತ್ತೆ ಸುದ್ದಿ. ಕೊನೆಗೆ ಮೊದಲ ಬೈಟ್ ಮೇಲಿನ ಫಲಕ ಕಿತ್ತು ಹೊಸ ಬೈಟ್ ಇಡುತ್ತಾರೆ, ಮತ್ತೊಮ್ಮೆ ಸುದ್ದಿ. ಸಂಚಾರ ಒಂದು ಕ್ಷಣವೂ ನಿಲ್ಲಲಿಲ್ಲ. ಇದನ್ನು ಒಮ್ಮೆ ಕಾಗದದ ಮೇಲೆ ಐದು ಚೌಕ ಹಾಕಿ ಬರೆದು ನೋಡು, ಜನ್ಮಕ್ಕೆ ಮರೆಯುವುದಿಲ್ಲ.

• ಆರ್ಮ್‌ಗೆ ಹೋದರೆ ಎಕ್ಸ್86ರ ಅಭ್ಯಾಸ ಹೊತ್ತುಕೊಂಡು ಹೋಗಬೇಡ. ಆರ್ಮ್64ರಲ್ಲಿ ಪ್ರತಿ ಆಜ್ಞೆಯೂ ನಾಲ್ಕು ಬೈಟ್. ನಾಪ್ ಮತ್ತು ನೇರ ಬ್ರ್ಯಾಂಚ್‌ನಂಥ ಕೆಲವೇ ಆಜ್ಞೆಗಳನ್ನು ಓಡುತ್ತಿರುವಾಗಲೇ ಒಂದರ ಬದಲು ಒಂದು ಇಡಬಹುದು ಎಂದು ಆರ್ಕಿಟೆಕ್ಚರ್ ಒಪ್ಪಿಕೊಂಡಿದೆ, ಮಿಕ್ಕದ್ದಕ್ಕೆ ಒಪ್ಪಿಲ್ಲ. ಬರೆದ ಮೇಲೆ ಇನ್‌ಸ್ಟ್ರಕ್ಷನ್ ಕ್ಯಾಶ್ ಅನ್ನು ನೀನೇ ತೊಳೆಯಬೇಕು. ಮರೆತರೆ ತಿದ್ದಿದ್ದು ಮೆಮೊರಿಯಲ್ಲಿರುತ್ತದೆ, ಓಡುವುದು ಹಳೆಯದೇ.

• ದೊಡ್ಡ ಪುಟ ಒಡೆಯುವಾಗ ಲೆಕ್ಕ ಹಾಕು. ಕರ್ನಲ್ ತನ್ನ ಕೋಡನ್ನು ಎಕ್ಸ್86ರಲ್ಲಿ 2 ಎಂಬಿ ಪುಟಗಳಲ್ಲಿ ಇಟ್ಟುಕೊಳ್ಳುತ್ತದೆ. ನೀನು ನಡುವೆ ಒಂದು 4 ಕೆಬಿಯ ಹಕ್ಕು ಬದಲಿಸಿದರೆ ಆ ಒಂದು ನಮೂದು 512 ಚೂರಾಗುತ್ತದೆ, ಟಿಎಲ್‌ಬಿಯಲ್ಲಿ ನೂಕುನುಗ್ಗಲು. ಕೋಡ್, ಓದುವ ಡೇಟಾ, ಬರೆಯುವ ಡೇಟಾ ಮೂರನ್ನೂ ಪುಟದ ಗಡಿಗೆ ಸರಿಯಾಗಿ ಬೇರೆಬೇರೆ ಇಡು. ಒಂದೇ ಪುಟದಲ್ಲಿ ಅರ್ಧ ಕೋಡ್ ಅರ್ಧ ಡೇಟಾ ಕೂತರೆ ಯಾವ ಬೀಗವೂ ಸರಿ ಹೊಂದದು.

• ಓಡುವಾಗಲೇ ಕೋಡ್ ಹುಟ್ಟಿಸುವ ಜಾಗಕ್ಕೆ ಎರಡು ಕಾವಲು ಬೇಕು. ಬಿಪಿಎಫ್‌ನ ಜಿಟ್ ಕಂಪೈಲರ್ ಬಳಕೆದಾರ ಕೊಟ್ಟ ಪ್ರೋಗ್ರಾಂ ಅನ್ನು ಕರ್ನಲ್ ಕೋಡ್ ಮಾಡುತ್ತದೆ. ಪುಟಕ್ಕೆ ಬೀಗ ಸರಿಯಾಗಿದ್ದರೂ, ಪ್ರೋಗ್ರಾಂನ ಅಂಕಿಗಳ ಒಳಗೇ ಆಜ್ಞೆ ಬಚ್ಚಿಟ್ಟು ಆ ಅಂಕಿಯ ನಡುವಿಗೆ ಹಾರುವವರಿದ್ದಾರೆ. ಅದಕ್ಕೆ 2016ರ 4.7ರಲ್ಲಿ ಅಂಕಿಗಳನ್ನು ಕಲಸಿ ಇಡುವ ವ್ಯವಸ್ಥೆ ಬಂತು. ‘ಬಿಪಿಎಫ್ ಜಿಟ್ ಹಾರ್ಡನ್’ಗೆ 1 ಕೊಟ್ಟರೆ ಹೆಚ್ಚಿನ ಹಕ್ಕಿಲ್ಲದವರ ಪ್ರೋಗ್ರಾಂಗೆ ಮಾತ್ರ, 2 ಕೊಟ್ಟರೆ ಎಲ್ಲರದ್ದಕ್ಕೂ. 2022ರ 5.18ರಿಂದ ಹಲವು ಪುಟ್ಟ ಬಿಪಿಎಫ್ ಪ್ರೋಗ್ರಾಂಗಳನ್ನು ಒಂದೇ ದೊಡ್ಡ ಪುಟದಲ್ಲಿ ಒತ್ತೊತ್ತಾಗಿ ಕೂರಿಸುತ್ತಾರೆ. ಮೇಲೆ ಹೇಳಿದ ಚೂರಾಗುವ ತೊಂದರೆಗೆ ಅದು ಒಂದು ಮದ್ದು.

• ಊಪ್ಸ್ ಸಂದೇಶವನ್ನು ಪೂರ್ತಿ ಓದು, ಹೆದರಬೇಡ. ಒಮ್ಮೆ ನನ್ನ ತಂಡದ ಹುಡುಗನೊಬ್ಬ ಬೆವರುತ್ತಾ ಬಂದ: “ಸಾರ್, ನಮ್ಮ ಸರ್ವರ್ ಮೇಲೆ ದಾಳಿ ಆಗಿದೆ!” ಪರದೆಯ ಮೇಲೆ ನಿಜಕ್ಕೂ ಹಾಗೇ ಇತ್ತು. ಓಡಿಸಬಾರದ ಪುಟವನ್ನು ಕರ್ನಲ್ ಓಡಿಸಲು ಹೋಗಿದೆ, ಇದು ದಾಳಿಯ ಯತ್ನವೇ ಎಂದು ಕರ್ನಲ್ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೇಳುತ್ತಿತ್ತು. ಕೂತು ನೋಡಿದೆವು. ಅವನು ಫಂಕ್ಷನ್ ವಿಳಾಸ ಕೊಡಬೇಕಾದಲ್ಲಿ, ಆ ಫಂಕ್ಷನ್ ಇರುವ ಸ್ಟ್ರಕ್ಚರ್‌ನ ವಿಳಾಸ ಕೊಟ್ಟಿದ್ದ. ಕಂಪೈಲರ್ ತಕರಾರು ಮಾಡಿದ್ದಕ್ಕೆ ಕಾಸ್ಟ್ ಹಾಕಿ ಅದರ ಬಾಯಿ ಮುಚ್ಚಿಸಿದ್ದ. ಪ್ರೊಸೆಸರ್ ಡೇಟಾ ಪುಟಕ್ಕೆ ಹಾರಿತು, ಬಿಟ್ 63 ಅಲ್ಲೇ ತಡೆಯಿತು. ದಾಳಿಕೋರ ಅವನೇ. ಆ ಬಿಟ್ ಇಲ್ಲದಿದ್ದರೆ ಅದು ಒಂದಷ್ಟು ಕಸವನ್ನು ಆಜ್ಞೆ ಎಂದು ಓಡಿಸಿ, ಎಲ್ಲೋ ದೂರದಲ್ಲಿ ಬಿದ್ದು, ನಾವು ತಿಂಗಳುಗಟ್ಟಲೆ ಹುಡುಕುತ್ತಿದ್ದೆವು. ತಪ್ಪಾದ ಜಾಗದಲ್ಲೇ ಬೀಳಿಸುವ ಬೀಗ ಉಪಕಾರಿ.

• ಬಳಕೆದಾರನ ಪುಟಗಳ ಕಡೆಯ ಬಾಗಿಲನ್ನೂ ನೋಡಿಕೋ. ಕರ್ನಲ್ ಅಧಿಕಾರದಲ್ಲಿದ್ದಾಗ ಬಳಕೆದಾರನ ಪುಟವನ್ನು ಓಡಿಸದಂತೆ ಎಸ್‌ಎಂಇಪಿ, ಕೇಳದೆ ಮುಟ್ಟದಂತೆ ಎಸ್‌ಎಂಎಪಿ. ಎರಡೂ ಸಿಆರ್4ರ ಬಿಟ್‌ಗಳು, 20 ಮತ್ತು 21. ಎಸ್‌ಎಂಇಪಿ ಇಂಟೆಲ್‌ನಲ್ಲಿ 2012ರ ಐವಿ ಬ್ರಿಡ್ಜ್ ಜೊತೆ ಬಂತು, ಎಸ್‌ಎಂಎಪಿ ಬ್ರಾಡ್‌ವೆಲ್ ಜೊತೆ. ಬಳಕೆದಾರನ ಡೇಟಾ ಬೇಕಾದರೆ ಕಾಪಿ_ಫ್ರಮ್_ಯೂಸರ್ ಇದೆ. ಪಾಯಿಂಟರನ್ನು ನೇರವಾಗಿ ಬಿಚ್ಚುವ ಧೈರ್ಯ ಬೇಡ.

• ಕೋಡ್ ಪುಟ ಭದ್ರವಾದರೆ ಕೆಲಸ ಮುಗಿಯಿತು ಎಂದು ಮೈಮರೆಯಬೇಡ. ಹೊಸ ಕೋಡ್ ತರಲಾಗದ ಕಳ್ಳ ಇರುವ ಕೋಡ್‌ನ ಚೂರುಗಳನ್ನೇ ಪೋಣಿಸುತ್ತಾನೆ. ಅದಕ್ಕೆ ತಡೆಯೆಂದು, ಪರೋಕ್ಷ ಕರೆಗಳು ಸರಿಯಾದ ಬಗೆಯ ಫಂಕ್ಷನ್‌ಗೇ ಹೋಗುತ್ತಿವೆಯೇ ಎಂದು ನೋಡುವ ಕೆಸಿಎಫ್‌ಐ 2022ರ 6.1ರಲ್ಲಿ ಸೇರಿತು. ಅದೂ ಡೇಟಾ ಕಾಯುವುದಿಲ್ಲ. ಮಾಡ್ಯೂಲ್ ಏರಿಸುವ ಪ್ರೋಗ್ರಾಂನ ಹಾದಿ ಮಾಡ್‌ಪ್ರೋಬ್_ಪಾತ್ ಎಂಬ ಸಾದಾ ಅಕ್ಷರಸಾಲಿನಲ್ಲಿದೆ. ಅದನ್ನು ಬದಲಿಸಿ ಕರ್ನಲ್‌ನ ಕೈಯಿಂದಲೇ ತಮ್ಮ ಪ್ರೋಗ್ರಾಂ ಓಡಿಸಿಕೊಂಡವರಿದ್ದಾರೆ. ಒಂದು ಬೈಟ್ ಕೋಡ್ ಮುಟ್ಟದೆ.

• ಅಧಿಕೃತ ಬಾಗಿಲಿನಿಂದ ಬರುವವರನ್ನೂ ವಿಚಾರಿಸು. ಮಾಡ್ಯೂಲ್ ಎಂದರೆ ಕರ್ನಲ್ ಒಳಕ್ಕೆ ಕೋಡ್ ತರುವ ರಾಜಮಾರ್ಗ. 3.7ರಿಂದ ಸಹಿ ಪರೀಕ್ಷೆ ಇದೆ, ಅದನ್ನು ಕಡ್ಡಾಯ ಮಾಡು. ಬೇಕಾದ ಮಾಡ್ಯೂಲ್‌ಗಳೆಲ್ಲ ಏರಿದ ಮೇಲೆ ‘ಮಾಡ್ಯೂಲ್ಸ್ ಡಿಸೇಬಲ್ಡ್’ಗೆ 1 ಬರೆದರೆ ಮುಂದಿನ ಬೂಟ್‌ವರೆಗೆ ಆ ದಾರಿ ಬಂದ್. 2019ರ 5.4ರಲ್ಲಿ ಬಂದ ಲಾಕ್‌ಡೌನ್ ರೂಟ್‌ನ ಕೈಯನ್ನೂ ಕಟ್ಟುತ್ತದೆ. ಕರ್ನಲ್ ಮೆಮೊರಿಯನ್ನು ಫೈಲಿನಂತೆ ತೆರೆದಿಡುತ್ತಿದ್ದ ‘ಡೆವ್ ಕೆಮೆಮ್’ ಅನ್ನು 2021ರ 5.13ರಲ್ಲಿ ತೆಗೆದೇ ಬಿಟ್ಟರು.

• ಸಿಸ್ಟಂ ಕಾಲ್ ಕೋಷ್ಟಕ ತಿದ್ದಿ ಜಾಣತನ ತೋರಿಸಬೇಡ. ಆ ಕೋಷ್ಟಕ ಹುಡುಕಲು ಎಲ್ಲರೂ ಬಳಸುತ್ತಿದ್ದ ಕಾಲ್‌ಸಿಮ್ಸ್_ಲುಕಪ್_ನೇಮ್ 2020ರ 5.7ರಿಂದ ಮಾಡ್ಯೂಲ್‌ಗಳಿಗೆ ಸಿಗುವುದಿಲ್ಲ. ನಡುವೆ ಕಿವಿಗೊಡಬೇಕಾದರೆ ಎಫ್‌ಟ್ರೇಸ್, ಕೆಪ್ರೋಬ್ ಇವೆ. ಓಡುವ ಯಂತ್ರದಲ್ಲೇ ದೋಷ ಸರಿಪಡಿಸಲು ಲೈವ್‌ಪ್ಯಾಚ್ ಇದೆ. ವಿಂಡೋಸ್‌ನಲ್ಲೂ ಇದೇ ಕಥೆ: ಅಲ್ಲಿನ ಪ್ಯಾಚ್‌ಗಾರ್ಡ್ 2005ರಿಂದ 64 ಬಿಟ್ ಆವೃತ್ತಿಗಳಲ್ಲಿದೆ, ಕರ್ನಲ್ ತಿದ್ದಿದ್ದು ಕಂಡರೆ ಯಂತ್ರವನ್ನೇ ನಿಲ್ಲಿಸುತ್ತದೆ.

• ನಿನ್ನ ಸೊಂಟದ ಬೀಗದ ಕೈ ಮಾತಿಗೆ ಈಗ ಬರುತ್ತೇನೆ. ಹೌದು, ಖಾತೆ ಪುಸ್ತಕ ಕರ್ನಲ್ ಕೈಯಲ್ಲೇ ಇದೆ. ಕರ್ನಲ್‌ನಲ್ಲಿ ಎಲ್ಲಿ ಬೇಕಾದರೂ ಬರೆಯಬಲ್ಲವನು ಖಾತೆಯನ್ನೇ ತಿದ್ದಬಲ್ಲ. ಅದಕ್ಕೇ ಕೆಲವರು ಕೀಲಿಯನ್ನು ಮನೆಯಾಚೆ ಇಟ್ಟರು. ವಿಂಡೋಸ್‌ನ ಮೆಮೊರಿ ಇಂಟೆಗ್ರಿಟಿಯಲ್ಲಿ ಹೈಪರ್‌ವೈಸರ್ ತನ್ನದೇ ಎರಡನೇ ಪೇಜ್ ಟೇಬಲ್ ಹಿಡಿದು ಕೂತಿರುತ್ತದೆ. ಅದು ಒಪ್ಪದೆ ಯಾವ ಪುಟವೂ ಕರ್ನಲ್ ಕೋಡ್ ಆಗದು. ಆಪಲ್ ತನ್ನ ಎ10 ಚಿಪ್‌ನಿಂದ, ಅಂದರೆ 2016ರ ಐಫೋನ್ 7ರಿಂದ, ಬೂಟ್ ಆದಮೇಲೆ ಕರ್ನಲ್ ಕೋಡ್ ಇರುವ ಭಾಗವನ್ನು ಹಾರ್ಡ್‌ವೇರ್‌ನಲ್ಲೇ ಬಂಧಿಸುತ್ತದೆ. ರೀಬೂಟ್ ಆಗುವವರೆಗೆ ಕರ್ನಲ್ ಬೇಡಿಕೊಂಡರೂ ತೆರೆಯದು. ನಿನ್ನ ಅನುಮಾನ ಸರಿಯಾಗಿಯೇ ಇತ್ತು, ಪುಟ್ಟಿ. ದೊಡ್ಡವರಿಗೂ ಅದೇ ಅನುಮಾನ ಬಂದು ಹೀಗೆ ಮಾಡಿದರು.

• ಬೀಗ ಹಾಕಿದ್ದೇನೆ ಎಂದು ನಂಬಬೇಡ, ಎಳೆದು ನೋಡು. ಡೀಬಗ್ ಡಬ್ಲ್ಯುಎಕ್ಸ್ ಆಯ್ಕೆ ಹಾಕಿ ಕರ್ನಲ್ ಕಟ್ಟಿದರೆ, ಬೂಟ್ ಹೊತ್ತಿನಲ್ಲಿ ಅದು ಇಡೀ ಪೇಜ್ ಟೇಬಲ್ ನಡೆದು, ಎರಡೂ ಹಕ್ಕಿರುವ ಪುಟ ಇದೆಯೇ ಎಂದು ಡಿಮೆಸ್ಗ್‌ನಲ್ಲಿ ಬರೆಯುತ್ತದೆ. ಅದಾದಮೇಲೆ ಎಲ್‌ಕೆಡಿಟಿಎಂ ಎಂಬ ಪರೀಕ್ಷಾ ಮಾಡ್ಯೂಲ್ ಏರಿಸು. ಸ್ಟ್ಯಾಕ್ ಓಡಿಸು, ಕೆಮ್ಯಾಲಕ್ ಪುಟ ಓಡಿಸು, ಓದುವ ಡೇಟಾಗೆ ಬರೆ, ಕರ್ನಲ್ ಕೋಡ್‌ಗೆ ಬರೆ, ಹೀಗೆ ಒಂದೊಂದು ತಪ್ಪನ್ನೂ ಬೇಕೆಂದೇ ಮಾಡಿಸಬಹುದು. ಪ್ರತಿ ಸಲವೂ ಕರ್ನಲ್ ಊಪ್ಸ್ ಎನ್ನಬೇಕು. ಎನ್ನಲಿಲ್ಲವೋ, ಅಲ್ಲೊಂದು ತೂತು. ವರ್ಚುವಲ್ ಯಂತ್ರದಲ್ಲಿ ಮಾತ್ರ ಮಾಡು. ಆಫೀಸಿನ ಸರ್ವರ್‌ನಲ್ಲಿ ಮಾಡಿ ಮಾವ ಹೇಳಿದ್ದು ಎನ್ನಬೇಡ.

• ಕೊನೆಯದು. ಪ್ಯಾಚ್ ಕಳಿಸುವ ಮುನ್ನ ನಿನಗೆ ನೀನೇ ಮೂರು ಪ್ರಶ್ನೆ ಕೇಳಿಕೋ. ಈ ಪುಟಕ್ಕೆ ಇನ್ನೊಂದು ಖಾತೆ ಇದೆಯೇ? ಹಳೇ ಝೆರಾಕ್ಸ್ ಯಾರ ಕೈಯಲ್ಲಾದರೂ ಇದೆಯೇ? ಮನೆ ಬಿಡುವಾಗ ಬೀಗದ ಕೈ ವಾಪಸು ಕೊಟ್ಟೆನೇ? ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ಡಿಮೆಸ್ಗ್ ತೆರೆದು ನೋಡು. ಬರೆಯಲೂ ಓಡಿಸಲೂ ಬರುವ ಪುಟ ಒಂದೇ ಒಂದು ಉಳಿದಿದ್ದರೂ, ಡೆಲಿವರಿ ಎಷ್ಟೇ ಅವಸರದ್ದಾಗಿರಲಿ, ಆ ದಿನ ಕಳಿಸಬೇಡ.